ಸೂರಿನ ಮೇಲೆ ಹಪ್ಪಳದ ನೆರಳು

ದಾವಣಗೆರೆ,
ಪರಾಭವ ಸಂವತ್ಸರ, ವೈಶಾಖ ಮಾಸದ ನಲವತ್ತೊಂದನೆಯ ದಿನ

ಪೂಜ್ಯ ಸರ್ವಮಂಗಳಮ್ಮನವರಿಗೆ, ನಿಮ್ಮ ಮರಿಮಗಳ ಮರಿಮಗ ಹಾಲೇಶ ಮಾಡುವ ಶರಣು.

ಮೇಲಿನ ತಿಥಿ ನೋಡಿ ಗಾಬರಿಯಾಗಬೇಡಿ. ಈ ಪರಾಭವ ನಿಮ್ಮ ಗೋಡೆಯ ಕ್ಯಾಲೆಂಡರಿನದಲ್ಲ. ಅರವತ್ತು ವರ್ಷಗಳ ಚಕ್ರ ಎರಡು ಸುತ್ತು ತಿರುಗಿದ ಮೇಲೆ ಹುಟ್ಟಿದ ಅದರ ಮೊಮ್ಮಗ. ವೈಶಾಖಕ್ಕೆ ನಲವತ್ತೊಂದು ದಿನ ಎಲ್ಲಿಯದು ಎಂದರೆ, ಬೇಸಿಗೆ ಮುಗಿಯದೆ ತಿಂಗಳು ಮುಗಿಸುವುದು ಸುಳ್ಳಾಗುತ್ತದೆಂದು ಪಂಚಾಂಗದವರೇ ಸೋತು ಒಪ್ಪಿಕೊಂಡಿದ್ದಾರೆ. ನಿಮ್ಮಲ್ಲಿ ಅಧಿಕ ಮಾಸವಿತ್ತು, ನಮ್ಮಲ್ಲಿ ಅಧಿಕ ಬಿಸಿಲಿದೆ. ನನ್ನ ಕೆಲವು ಪದಗಳು ನಿಮ್ಮ ಮನೆಗೆ ಹೊಸ ಸೊಸೆಯಂತೆ ಕಂಡಾವು. ಕ್ಷಮಿಸಿ, ಹೊಂದಿಕೊಳ್ಳುತ್ತವೆ.

ಈ ಹೊತ್ತಿಗೆ ನಿಮ್ಮ ನಡುಮನೆಯಲ್ಲಿ ಸೋಲಾರ್ ಮಾರುವವನು ಕೂತು ಎರಡನೇ ಲೋಟ ಚಹಾ ಕುಡಿಯುತ್ತಿದ್ದಾನೆ. “ಅಲ್ಲೋ ತಮ್ಮಾ, ಸೂರ್ಯ ಪುಕ್ಕಟೆ ಅಂತೀಯ, ಮತ್ತೆ ಈ ರೊಕ್ಕ ಯಾರಿಗಪ್ಪಾ?” ಎಂದು ನೀವು ಕೇಳಿದ್ದು ನಮ್ಮ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅವನು ಲೋಟ ಖಾಲಿ ಮಾಡಿದನಂತೆ, ಉತ್ತರ ಮಾತ್ರ ಕೊಡಲಿಲ್ಲವಂತೆ. ನಾನು ಕೊಡುತ್ತೇನೆ, ನನಗೆ ಮಾರುವುದಕ್ಕೆ ಏನೂ ಇಲ್ಲ.

ಹಾಕಿಸಿ. ಅಸಲು ಹುಟ್ಟುತ್ತದೆ, ಅವನು ಹೇಳಿದಷ್ಟು ಬೇಗ ಅಲ್ಲ. ಬ್ಯಾಟರಿಯ ಆಸೆ ಈಗಲೇ ಬೇಡ. ಹೆಚ್ಚಾದ ಕರೆಂಟು ಲೈನಿಗೆ ಹೋಗಲಿ, ಬಿಲ್ಲು ತಾನಾಗಿ ಬಾಗುತ್ತದೆ. ಮೊದಲು ತಾರಸಿಯ ಬಿರುಕು ಮುಚ್ಚಿಸಿ. ಸೋಲಾರ್ ಹಲಗೆ ಕೂರಿಸಿದ ಮೇಲೆ ಸೋರಿದರೆ, ಎತ್ತಿ ಇಳಿಸುವ ಕೂಲಿಯಲ್ಲಿ ಲಾಭವೂ ಸೋರಿಹೋಗುತ್ತದೆ. ನೀರಿನ ಟ್ಯಾಂಕನ್ನು ಉತ್ತರಕ್ಕೆ ಸರಿಸಿ. ಒಂದು ಹಲಗೆಗೆ ನೆರಳು ಬಿದ್ದರೆ ಇಡೀ ಸಾಲು ಮುನಿಸಿಕೊಳ್ಳುತ್ತದೆ. ನಮ್ಮೂರ ಧೂಳನ್ನು ಆಗಾಗ ತೊಳೆಯಲೇಬೇಕು. ತೊಳೆಯುವವರು ಯಾರೆಂದು ಯಜಮಾನರಾದ ಕೊಟ್ರಪ್ಪನವರೊಂದಿಗೆ ಈಗಲೇ ತೀರ್ಮಾನ ಮಾಡಿಕೊಳ್ಳಿ. ಯಾವ ಮಾರುವವನೂ ಹೇಳದ ಖರ್ಚು ಅದೇ.

ಅವನಿಗೇ ಗೊತ್ತಿಲ್ಲದ ಇನ್ನೊಂದು ಖರ್ಚಿದೆ. ಅದನ್ನು ಹೇಳಬೇಕಾದರೆ ನಮ್ಮ ಮನೆ ತೋರಿಸಬೇಕು. ನಮಗೆ ತಾರಸಿ ಇಲ್ಲ, ಬಿಸಿಲುಸೂರು ಇದೆ. ಗೋಡೆಯಿಂದ ಗೋಡೆಗೆ ಕರೆಂಟು ಹೆರುವ ಚಾವಣಿ. ಅದರ ಮೇಲೆ ಯಾರೂ ಹತ್ತುವುದಿಲ್ಲ. ಬೆಳಗಿನ ತಿಂಡಿಯಿಂದ ಸಂಜೆ ದೀಪದವರೆಗೆ ಮುಚ್ಚುಹೊತ್ತು, ಅಂದರೆ ಬಾಗಿಲು ತೆರೆದವರನ್ನು ಬೀದಿಯೆಲ್ಲ ಬೈಯುವ ಹೊತ್ತು. ಆಗ ತಂಪುಕೋಣೆಯಲ್ಲಿ ಕೂತು ಸೂರುಗನ್ನಡಿ ನೋಡುತ್ತೇವೆ. ಸೂರಿನ ಯಾವ ಭಾಗ ದುಡಿಯುತ್ತಿದೆ, ಎಲ್ಲಿ ನೆರಳಿದೆ ಎಂದು ತೋರಿಸುವ ಗೋಡೆಗಾಜು ಅದು. ನೀವು ಧಾರಾವಾಹಿ ನೋಡುವ ಹಾಗೆಯೇ. ನಮ್ಮದರಲ್ಲಿ ಅಳು ಕಡಿಮೆ.

ಹಲಗೆಗಳು ಎಷ್ಟೋ ಸಲ ಬದಲಾಗಿವೆ. ಆದರೆ ಯಾವ ಹೊತ್ತಿಗೆ ಎಲ್ಲಿ ನೆರಳು ಬೀಳುತ್ತದೆಂದು ಕಲಿತಿಡುವ ಪೆಟ್ಟಿಗೆಯ ನೆನಪನ್ನು ಹಳೆಯ ಸೂರಿನಿಂದ ಹೊಸದಕ್ಕೆ ಬೆರೆಸುತ್ತ ಬಂದರು, ಹಾಲಿಗೆ ನಿನ್ನೆಯ ಮೊಸರಿನ ಹೆಪ್ಪು ಹಾಕುವಂತೆ. ಹಾಗಾಗಿ ಮರ ಹೋದರೂ ನೆರಳು ಹೋಗಿಲ್ಲ. ಆ ಹೊತ್ತಿಗೆ ಆ ಜಾಗವನ್ನು ಸೂರು ಇಂದಿಗೂ ಕೆಲಸಕ್ಕೆ ಕರೆಯುವುದಿಲ್ಲ. ಇದಕ್ಕೆ ನೆರಳುಬಾಕಿ ಎನ್ನುತ್ತೇವೆ. ಪಕ್ಕದ ಮನೆಯ ಗಾಜಿನಲ್ಲಿ ಇಲ್ಲದ ಬೇವಿನ ಮರ ತೂಗುತ್ತದೆ, ಎದುರು ಮನೆಯದರಲ್ಲಿ ಯಾರದೋ ಒಗೆದ ಪಂಚೆ. ನಮ್ಮದರಲ್ಲಿ ವೈಶಾಖದ ಬೆಳಗಾದರೆ ಸಾಲುಸಾಲು ಗುಂಡನೆಯ ಚುಕ್ಕೆ.

ಹಪ್ಪಳ, ಅಜ್ಜೀ! ಕರೆಂಟಿಗೆಂದು ಹಾಕಿಸಿದ ಹಲಗೆಯ ಮೇಲೆ, ಇಷ್ಟು ನುಣುಪಾದ ಬಿಸಿ ಜಾಗ ಮತ್ತೆಲ್ಲಿ ಸಿಕ್ಕೀತೆಂದು ನೀವು ಹಪ್ಪಳ ಹರವುತ್ತೀರಿ. ಪಕ್ಕದಲ್ಲೇ ಕೊಡೆ ಹಿಡಿದು ಕಾವಲು ಕೂರುತ್ತೀರಿ. ನೆರಳಾಗಿ ಇವತ್ತಿಗೂ ಕೂತಿದ್ದೀರಿ. ನನ್ನ ಹೆಂಡತಿ ನೀಲಾಂಬಿಕೆ ಮದುವೆಯಾಗಿ ಬಂದ ಹೊಸದರಲ್ಲಿ, “ನಿಮ್ಮನೇಲಿ ಭೂತ ಐತೆ ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದು ಜಗಳಕ್ಕೆ ನಿಂತಳು. ಭೂತವಲ್ಲ ಮಾರಾಯ್ತಿ, ಬರೀ ಭೂತಕಾಲ ಎಂದೆ. ಪೆಟ್ಟಿಗೆ ತಾನು ಕಲಿತ ಬೇಸಿಗೆಗಳನ್ನು ಸರದಿಯಂತೆ ತೋರಿಸುತ್ತದೆ. ಕೆಲವು ಬೇಸಿಗೆಗಳಲ್ಲಿ ಚುಕ್ಕೆಗಳಿಲ್ಲ. ಬರೀ ಕೊಡೆ ಮತ್ತು ನೀವು. ಮನೆಯಲ್ಲಿ ಹಪ್ಪಳ ಬೇಡುವವರು ಒಬ್ಬರು ಕಡಿಮೆಯಾಗಿದ್ದರು. ಯಾರೆಂದು ನನಗೆ ಗೊತ್ತು. ಬರೆಯಲಾರೆ.

ಈಗ ನಮ್ಮ ಅವ್ವ ಹಾಸಿಗೆ ಹಿಡಿದಿದ್ದಾಳೆ. ಅವಳ ಕೋಣೆ ಒಂದು ಗಳಿಗೆಯೂ ಬಿಸಿಯಾಗಬಾರದೆಂದು ವೈದ್ಯರು ಹೇಳಿದ್ದಾರೆ. ಆದರೆ ನೀವು ಬಂದು ಕೂತ ಹೊತ್ತಿಗೆ ಸರಿಯಾಗಿ ಕರೆಂಟು ಕುಗ್ಗಿ ಕೋಣೆ ಕಾಯುತ್ತದೆ. ಇರುವ ಉಪಾಯ ಒಂದೇ: ಹಳೆಯ ನೆನಪಿನ ಹೆಪ್ಪು ಬೆರೆಸದ ಹೊಸ ಪೆಟ್ಟಿಗೆ. ಆಗ ನೀವು ಹೋಗಿಬಿಡುತ್ತೀರಿ. “ಆಯಮ್ಮ ಬಿಸಿಲಾಗೆ ಕುಂತೈತೆ, ನಾನು ತಂಪಾಗಿ ಮಲಗ್ಲಾ?” ಎಂದು ಅವ್ವ ಹಟ ಹಿಡಿದಳು. “ಅತ್ತೇ, ಅವ್ರು ಕುಂತಿರೋದು ಹಪ್ಪಳ ಒಣಗಿಸಾಕೆ, ನೀವು ಒಣಗಬ್ಯಾಡ್ರಿ” ಎಂದಳು ನೀಲಾಂಬಿಕೆ. ಅವ್ವ ನಕ್ಕಳು, ನಕ್ಕು ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

ಗೋಡೆಯಲ್ಲಿ ಸೂರುಗನ್ನಡಿ ಇತ್ತು. ಇಳಿಯುವ ಮುನ್ನ ನೀವು ದಿನವೂ ಒಂದು ಕೈ ಮೇಲೆತ್ತುತ್ತೀರಿ. ಕಾಗೆ ಓಡಿಸುತ್ತೀರೆಂದು ನಾವೆಲ್ಲ ಹುಟ್ಟಿದಾಗಿನಿಂದ ನಂಬಿದ್ದೆವು. ಅವ್ವ ಬಹಳ ಹೊತ್ತು ನೋಡಿದಳು. “ಕಾಗೆ ಇದ್ರೆ ಕಾಗೆ ನೆರಳೂ ಇರಬೇಕಲ್ಲೋ, ಹಾಲೇಶಾ?” ಎಂದಳು.

ಇರಲಿಲ್ಲ. ಯಾವ ಬೇಸಿಗೆಯಲ್ಲೂ ಇರಲಿಲ್ಲ. ಆ ಬಟ್ಟಬಿಸಿಲಿನಲ್ಲಿ ಒಬ್ಬರೇ ನಿಂತು ನೀವು ಯಾರಿಗೆ ಕೈ ಎತ್ತುತ್ತಿದ್ದಿರಿ? ಆಮೇಲೆ ಅವ್ವನೇ, “ಹೊಸದು ಹಾಕ್ಸು. ಅದ್ಕೂ ಮುಂಚೆ ಆಯಮ್ಮಂಗೆ ಒಂದು ಕಾಗ್ದ ಬರಿ” ಎಂದಳು.

ಅದಕ್ಕೇ ಈ ಕಾಗದ. ನಾನು ಕೇಳದಿದ್ದರೆ ನೀವು ಎತ್ತುತ್ತಿರಲಿಲ್ಲವೇನೋ ಎಂಬ ಭಯದಿಂದ ಕೇಳುತ್ತಿದ್ದೇನೆ. ಸೋಲಾರ್ ಹಾಕಿಸಿ. ಹಲಗೆಗಳ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡಿಸಿ. ಮಾರುವವನು ನಷ್ಟ ಎನ್ನುತ್ತಾನೆ, ಎನ್ನಲಿ. ಹಪ್ಪಳ ಹರವಿ. ಇಳಿಯುವ ಮುನ್ನ ನಮ್ಮ ಕಡೆಗೆ ಒಮ್ಮೆ ಕೈ ಎತ್ತಿ.

ಪೆಟ್ಟಿಗೆ ಬದಲಿಸುವವರು ನಾಳೆ ಸಂಜೆ ಬರುತ್ತಾರೆ. ಅದಕ್ಕೆ ಮೊದಲು, ನೀವು ಇಳಿಯುವ ಹೊತ್ತಿಗೆ, ಅವ್ವನನ್ನು ದಿಂಬಿಗೆ ಒರಗಿಸಿ ಗಾಜಿನ ಮುಂದೆ ಕೂರಿಸುತ್ತೇವೆ. ತಾನೂ ಕೈ ಎತ್ತುತ್ತಾಳಂತೆ. ಆ ತೋಳಿನಲ್ಲಿ ಈಗ ಬಲವಿಲ್ಲ, ಬಹಳ ಹೊತ್ತು ಹಿಡಿದಿರಲಾರಳು. ನಾಳೆ ಒಂದು ದಿನ ತಡಮಾಡಬೇಡಿ, ಅಜ್ಜಿ.