ನಾನು ಅಳಿಸಿದ ಹದಿನಾಲ್ಕು ಹೊಳೆಗಳು

ಭಾವಾ,

ನೀವಿಲ್ಲದ ಮೇಲೆ ನನ್ನ ಮಾತನ್ನು ನಡುವೆ ಕತ್ತರಿಸುವವರೇ ಇಲ್ಲ. ಮಾತಾಡಿ ಮಾತಾಡಿಯೇ ಕಲ್ಯಾಣದಲ್ಲಿ ಒಂದು ಪ್ರೆಸ್ ಕಟ್ಟಿದವನು ನಾನು, ನಿಮಗೆ ಗೊತ್ತಲ್ಲ. ಈಗ ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿದರೆ ಅದನ್ನು ಹೇಳಿಕೊಳ್ಳಲೂ ಯಾರೂ ಇಲ್ಲ. ಮಗನಿಗೆ ಹೇಳಿದರೆ 'ಅಚ್ಛಾ ಪಪ್ಪಾ' ಎಂದು ಫೋನ್ ನೋಡುತ್ತಾನೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮಗೆ ಕೊಡಬೇಕಾದ ಒಂದು ಸುದ್ದಿಯೂ ಇದೆ.

ಡೊಂಬಿವಲಿಯ ನಿಮ್ಮ ಬಾಲ್ಕನಿಯಲ್ಲಿ ಒಂದು ಭಾನುವಾರ ಆ ಹಸಿರು ರಟ್ಟಿನ ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟಿರಿ. ಕೀನ್ಯಾದಲ್ಲಿ ಇಪ್ಪತ್ತೆರಡು ವರ್ಷ ಪಂಪ್‌ಸೆಟ್ ಕೂರಿಸುತ್ತ ತಿರುಗಿದವರು ನೀವು. ದನ ಮೇಯಿಸುವ ಮಸಾಯಿಗಳನ್ನು ಕೇಳಿ ಕೇಳಿ ಬರೆದುಕೊಂಡ ಹೊಳೆ, ತೊರೆಗಳ ಹೆಸರು ಅದರ ತುಂಬ ಇದ್ದವು. 'ಎಂಕಾರೆ ನೈರೋಬಿ ಅಂದ್ರೆ ತಣ್ಣೀರು ಮಾರಾಯ. ಅಷ್ಟು ದೊಡ್ಡ ಪೇಟೆಗೆ ಹೆಸರು ಕೊಟ್ಟದ್ದು ಒಂದು ತೊರೆ' ಎಂದಿರಿ. ಎಂಕಾರೆ ನರೋಕ್ ಎಂದರೆ ಕಪ್ಪು ನೀರು. ಎವಾಸೊ ನ್ಯೀರೊ ಎಂದರೆ ಕಂದು ನೀರಿನ ಹೊಳೆ. ದನ ಮೂತಿ ಇಟ್ಟಾಗ ನೀರು ಹೇಗೆ ಕಂಡಿತೋ ಅದೇ ಹೆಸರು. 'ನಿಮ್ಮ ಬಿಲ್ಡಿಂಗ್ ಹಿಂದಿನ ಈ ಕೊಳಚೆ ನಾಲೆಗೆ ಅವರು ಏನು ಹೆಸರಿಡ್ತಿದ್ರು ಭಾವ?' ಎಂದು ಕೇಳಿದೆ. ನೀವು ಕೆಳಗೆ ಬಗ್ಗಿ ನೋಡಿ, 'ಇಡುದಿಲ್ಲ. ದನ ತಿರುಗಿಸಿಕೊಂಡು ಹೋಗ್ತಾರೆ' ಎಂದಿರಿ.

ನಿಮಗೆ ಬೇಕಾಗಿದ್ದದ್ದು ಆ ಪಟ್ಟಿಯ ಐವತ್ತು ಅಚ್ಚುಪ್ರತಿ, ಅಷ್ಟೇ. ಪ್ರೂಫ್ ನೋಡುವ ಸಂಜೆ ನನ್ನ ಕೈಯಲ್ಲಿ ಕೆಂಪು ಪೆನ್ನು ಇತ್ತು. ಮೂವತ್ತು ವರ್ಷ ಬಿಲ್‌ಬುಕ್ಕು ಅಚ್ಚು ಹಾಕಿದ ಕಣ್ಣು ನನ್ನದು. ಒಂದೇ ನಂಬರು ಎರಡು ಸಲ ಬಂದರೆ ಅದು ತಪ್ಪು, ತೆಗೆಯಲೇಬೇಕು. ನಿಮ್ಮ ಪಟ್ಟಿಯಲ್ಲಿ ಕಂದು ನೀರು ಮತ್ತೆ ಬಂತು. ಕಪ್ಪು ನೀರು ಮೂರು ಸಲ, ತಣ್ಣೀರು ನಾಲ್ಕು ಸಲ, ಬೇರೆ ಕೆಲವೂ ಹಾಗೆಯೇ. ಭಾವನಿಗೆ ವಯಸ್ಸಾಯಿತು, ಬರೆದದ್ದನ್ನೇ ಬರೆದಿದ್ದಾರೆ ಎಂದುಕೊಂಡೆ. ಒಟ್ಟು ಹದಿನಾಲ್ಕು ಸಾಲು ಹೊಡೆದು ಹಾಕಿದೆ. ಕಲ್ಯಾಣದಿಂದ ಡೊಂಬಿವಲಿ ಎರಡೇ ಸ್ಟೇಷನ್. ಬಂದು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ...

ಅಚ್ಚಾದ ಪ್ರತಿಗಳ ಕಟ್ಟು ಬಿಚ್ಚಿ ನೀವು ಪುಟದ ಮೇಲೆ ಬೆರಳಾಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

'ಇನ್ನೊಂದು ಕಂದು ಹೊಳೆ ಎಲ್ಲಿ?'

'ಅದೇ ಹೆಸರು ಎರಡು ಸಲ ಬಂದಿತ್ತು ಭಾವ. ತೆಗೆದೆ.'

'ಹೆಸರು ಎರಡು ಸಲ ಬಂದದ್ದಲ್ಲ, ಹೊಳೆಯೇ ಎರಡು. ಒಂದು ಬಡಗು, ಒಂದು ತೆಂಕು. ನೀರು ಒಂದೇ ತರ ಇದ್ರೆ ಹೆಸರೂ ಒಂದೇ. ನಿನ್ನ ಊರಲ್ಲಿ ಒಬ್ಬಳೇ ಲಕ್ಷ್ಮಿಯಾ?' ಆಮೇಲೆ ಮೆಲ್ಲಗೆ, 'ಅಡ್ಡಿಲ್ಲ, ಆ ಹಸಿರು ಪುಸ್ತಕ ಕೊಡು. ಗುರುತು ಹಾಕಿ ಕೊಡ್ತೇನೆ' ಎಂದಿರಿ.

ನಾನು ಕಟ್ಟಿನ ದಾರವನ್ನು ಬೆರಳಿಗೆ ಸುತ್ತತೊಡಗಿದೆ. ಅಚ್ಚಾದ ಮೇಲೆ ಮೂಲಪ್ರತಿಯನ್ನು ಯಾರೂ ಕೇಳದಿದ್ದರೆ ರದ್ದಿಗೆ ಹಾಕುವುದು ನಮ್ಮ ಪ್ರೆಸ್ಸಿನ ಪದ್ಧತಿ. ಹಸಿರು ಪುಸ್ತಕವೂ ಹಾಗೇ ಹೋಗಿತ್ತು; ಅದನ್ನೂ, ಹೊಡೆದ ಸಾಲು ಹದಿನಾಲ್ಕು ಎಂಬುದನ್ನೂ ತಗ್ಗಿದ ದನಿಯಲ್ಲಿ ಹೇಳಿದೆ. ಅಡುಗೆಮನೆಯಿಂದ ಅಕ್ಕ ಕೇಳಿದಳು: 'ಎಂತ, ಇವನ ಬಾಯಿ ಬಂದ್ ಆಯ್ತಾ?'

'ಹದಿನಾಲ್ಕು ಹೊಳೆ ಬತ್ತಿಸಿ ಬಂದಿದ್ದಾನೆ. ಬಾಯಿ ಒಣಗದೆ ಇರ್ತದಾ?' ಎಂದಿರಿ ನೀವು. ಆಮೇಲೆ ಚಹಾ ತರಿಸಿದಿರಿ. ಮತ್ತೆಂದೂ ಆ ಮಾತೆತ್ತಲಿಲ್ಲ. ಬೈದಿದ್ದರೆ ನನಗೆಷ್ಟು ಹಗುರಾಗುತ್ತಿತ್ತು! ರದ್ದಿಯವನ ಗೋದಾಮಿನಲ್ಲಿ ಎರಡು ದಿನ ಹುಡುಕಿದೆನೆಂದು ನಿಮಗೆ ಹೇಳಲು ಸರಿಯಾದ ಸಮಯ ಕಾಯುತ್ತಿದ್ದೆ. ಅಷ್ಟರಲ್ಲಿ ನೀವು ಹೊರಟೇ ಹೋದಿರಿ.

ಕಳೆದ ವರ್ಷ ಅಕ್ಕ ಕೋಪರಖೈರಣೆಗೆ, ಮಗಳ ಮನೆಗೆ ಹೋದಳು. ಸಾಮಾನು ಕಟ್ಟುವಾಗ ಅಟ್ಟದಿಂದ ಒಂದು ಬಿಸ್ಕೆಟ್ ಡಬ್ಬಿ ಇಳಿಯಿತು. ಒಳಗೆ ನೀವು ಕೀನ್ಯಾದಿಂದ ಬರೆದ ಕಾಗದಗಳು. ಕಾಗದದ ಮೇಲ್ತುದಿಯಲ್ಲಿ, ಊರಿನ ಹೆಸರಿನ ಜಾಗದಲ್ಲಿ, ನೀವು ಡೇರೆ ಹಾಕಿದ ಹೊಳೆಯ ಹೆಸರು ಬರೆಯುತ್ತಿದ್ದಿರಂತೆ. ನನಗೆ ಜೀವ ಬಂತು. ಕೈ ಚಾಚಿದೆ.

'ಮುಟ್ಟಬೇಡ. ಅದು ನನಗೆ ಬರೆದದ್ದು' ಎಂದಳು ಅಕ್ಕ. 'ಮೇಲಿನ ಸಾಲು ಮಾತ್ರ ಓದ್ತೇನೆ. ನೀನು ಬರಕೋ.'

ಆಮೇಲಿನ ಭಾನುವಾರಗಳನ್ನು ನೀವು ನೋಡಬೇಕಿತ್ತು. ನಾನು ಥಾಣೆಯಲ್ಲಿ ಗಾಡಿ ಬದಲಿಸಿ ಹೋಗುವುದು, ಅವಳು ಕಾಗದವನ್ನು ಅಂಗೈಯಿಂದ ಮುಚ್ಚಿಕೊಂಡು ತುದಿಯ ಸಾಲು ಓದುವುದು: 'ಎವಾಸೊ ನ್ಯೀರೊ, ಬಡಗಿನದ್ದು. ಆಯ್ತಾ?' ಆಮೇಲೆ ಅಂಗೈ ಸರಿಸಿ ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ನಗುತ್ತಿದ್ದಳು. 'ಏನಕ್ಕಾ?' ಎಂದರೆ, 'ಅದು ನಿನ್ನ ಪಟ್ಟಿಗೆ ಬೇಡ.' ನಾನು ಪೆನ್ನು ಹಿಡಿದು ಎದುರಿಗೆ ಕೂತಿರುತ್ತಿದ್ದೆ. ಇಬ್ಬರೂ ಅಲ್ಲೇ ಮಾತಾಡಿಕೊಳ್ಳುತ್ತಿದ್ದೀರಿ, ನಾನು ಬಾಗಿಲ ಹೊರಗಿದ್ದೇನೆ ಅನ್ನಿಸುತ್ತಿತ್ತು.

ಹದಿನಾಲ್ಕರಲ್ಲಿ ಒಂಬತ್ತು ಸಿಕ್ಕವು. ಐದು ಸಿಗಲಿಲ್ಲ ಭಾವ. ಸಿಕ್ಕಿದವು ಎಂದು ಸುಳ್ಳು ಹೇಳಲೇ? ಬಿಲ್‌ಬುಕ್ಕಿನಲ್ಲಿ ಖಾಲಿ ಸಾಲು ಕಂಡರೆ ಅಡ್ಡಗೆರೆ ಎಳೆಯುವ ನಾನು, ಹೊಸ ಪಟ್ಟಿಯಲ್ಲಿ ಆ ಐದು ಸಾಲು ಖಾಲಿಯೇ ಬಿಟ್ಟಿದ್ದೇನೆ.

ಡಬ್ಬಿಯ ತಳದ ಕಾಗದದ ತುದಿಯಲ್ಲಿ ಯಾವ ಹೊಳೆಯ ಹೆಸರೂ ಇರಲಿಲ್ಲ. ಅಕ್ಕ ಬಹಳ ಹೊತ್ತು ನೋಡಿ, ಮೊದಲ ಸಲ ಅಂಗೈ ತೆಗೆದು ಅದನ್ನು ನನ್ನ ಕೈಗೆ ಕೊಟ್ಟಳು. ನಿಮ್ಮ ಅಕ್ಷರ: 'ಇಲ್ಲಿ ಬಂದಾಗ ಬರೀ ಮರಳು. ಇವತ್ತು ಮೇಲೆಲ್ಲೋ ಮಳೆಯಾಗಿ ನೀರು ಬಂತು. ಹೆಸರು ಕೇಳಲು ಸುತ್ತ ಒಬ್ಬರೂ ಇಲ್ಲ. ನೀನೇ ಒಂದು ಹೆಸರಿಟ್ಟು ಬರೆದು ಕಳಿಸು.'

'ಕಳಿಸಿದೆಯಾ?' ಎಂದೆ.

'ಇಲ್ಲ. ಮೂರು ವರ್ಷ ಊರ ಕಡೆ ತಲೆ ಹಾಕದವರ ತೊರೆಗೆ ನಾನ್ಯಾಕೆ ಹೆಸರಿಡಬೇಕು? ಸಿಟ್ಟಿತ್ತು.'

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

'ಈಗ ಬರಕೋ' ಎಂದಳು. 'ತಡವಾಗಿ ಬಂದ ನೀರು.'