ಆ ಕರಪತ್ರದ ಹೆಂಗಸು ನಾನಲ್ಲ

ಕಾಟಿಪಳ್ಳ,
17 ನವೆಂಬರ್ 2024

ಅಶ್ವಿತ್ ಅವರಿಗೆ,

'ಪ್ರೀತಿಯ' ಎಂದು ಬರೆಯಲು ಹೊರಟೆ, ಮನಸ್ಸು ಬರಲಿಲ್ಲ. ನಾನಿಲ್ಲಿ ಅಮ್ಮನ ಮನೆಯಲ್ಲಿ ಆರೋಗ್ಯವಾಗಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನನಗೆ ಅಳು ಬರುತ್ತದೆ, ಹೇಳಬೇಕಾದ್ದು ಉಳಿದೇ ಹೋಗುತ್ತದೆ. ನಾವು ಇಷ್ಟು ವರ್ಷ ಜಗಳವಾಡಿದ್ದು ತುಳುವಿನಲ್ಲಿ. ಇದೊಂದು ಕನ್ನಡದಲ್ಲಿರಲಿ. ಬರೆಯುವಾಗ ಕೋಪ ಸ್ವಲ್ಪ ಸಾಲಿಗೆ ಬರುತ್ತದೆ.

ನಿಮ್ಮ ಮೆಸೇಜು ನೋಡಿದೆ. ನಿಮ್ಮ ಹೋಟೆಲಿನ ಮೇಲಿನ ಮಹಡಿಯಲ್ಲಿ ವೆಲ್‌ನೆಸ್ ಸೆಂಟರ್ ಉದ್ಘಾಟನೆಯಂತೆ, ನಾನು ಬಾರದಿದ್ದರೆ ಮರ್ಯಾದೆ ಹೋಗುತ್ತದಂತೆ. ಯಾರ ಮರ್ಯಾದೆ ಎಂದು ಬರೆದಿಲ್ಲ. 'ಎಂತ ಕೋಪ ನಿನಗೆ?' ಎಂದೂ ಕೇಳಿದ್ದೀರಿ. ನಾನು ಯಾಕೆ ಮನೆ ಬಿಟ್ಟೆ ಎನ್ನುವುದು ನಿಮಗೆ ನಿಜವಾಗಿಯೂ ಗೊತ್ತಿಲ್ಲವೆಂದು ಅದರಿಂದ ತಿಳಿಯಿತು. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಕದ್ರಿಯ ನೊರ್ಬರ್ಟ್ ಸರ್ ಹತ್ತಿರ ರಿಫ್ಲೆಕ್ಸಾಲಜಿ, ಅಂದರೆ ಪಾದ ಒತ್ತುವ ಚಿಕಿತ್ಸೆ, ಕಲಿಯಲು ಹೋದದ್ದು ಮನೆಯಲ್ಲಿ ಹೊತ್ತು ಹೋಗದೆ. ಮೊದಲ ದಿನವೇ ಪಣಂಬೂರು ಬಂದರಿನಲ್ಲಿ ದುಡಿಯುವ ಲೋಕಯ್ಯ ಎಂಬವರ ಪಾದ ನನ್ನ ಮಡಿಲಿನ ಟವೆಲ್ ಮೇಲೆ ಬಂತು. ಇಡೀ ದಿನ ಬೂಟಿನೊಳಗೆ ಬೆವರಿ ನೆನೆದ ಬಿಳಿಚಿದ ಚರ್ಮ, ಹಳದಿಗಟ್ಟಿದ ಉಗುರು, ಬೆರಳ ಸಂದಿಯಿಂದ ಕೊಳೆತ ಮೀನಿನಂಥ ವಾಸನೆ. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಹೊರಗೆ ಬಂದಾಗ ಆ ಮನುಷ್ಯ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡು ಮುದುಡಿ ಕೂತಿದ್ದರು. ಸರ್ ಬೈಯಲಿಲ್ಲ. "ಹೇಸಿಗೆ ಆಗುವುದು ತಪ್ಪಲ್ಲ ಮಾರಾಯ್ತಿ. ಅದು ಅವರಿಗೆ ಗೊತ್ತಾಗುವ ಹಾಗೆ ಮಾಡುವುದು ತಪ್ಪು. ಬಿಸಿನೀರು ಉಂಟು, ಸಾಬೂನು ಉಂಟು, ತೊಳಿ" ಎಂದರು. ತೊಳೆದೆ, ಒತ್ತಿದೆ. ಸ್ವಲ್ಪ ಹೊತ್ತಿನಲ್ಲಿ ಲೋಕಯ್ಯ ಕೂತಲ್ಲೇ ಗೊರಕೆ ಹೊಡೆದರು. ಮದುವೆಯಾದ ಮೇಲೆ ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಸ್ಪಷ್ಟವಾದ ಉತ್ತರ ಸಿಕ್ಕಿರಲಿಲ್ಲ.

"ಇದರಿಂದ ರೋಗ ಗುಣ ಆಗುವುದಿಲ್ಲ. ನೋವು ಸ್ವಲ್ಪ ಹಗುರ ಆಗ್ತದೆ, ನಿದ್ದೆ ಬರ್ತದೆ. ಅದಕ್ಕಿಂತ ಹೆಚ್ಚು ಹೇಳಿದರೆ ಕಳ್ಳತನ" ಎಂದು ಸರ್ ಪಾಠದ ನಡುವೆ ಹೇಳುತ್ತಲೇ ಇರುತ್ತಿದ್ದರು.

ನನ್ನ ಹೇಸಿಗೆ ತಿಂಗಳೊಳಗೆ ಹೋಯಿತು. ನಿಮ್ಮ ಮನೆಯದ್ದು ಹೋಗಲಿಲ್ಲ. ನಿಮ್ಮ ಅಮ್ಮ, ನನ್ನ ಮಾಮಿ, ನೆಂಟರ ಮುಂದೆಯೇ "ಇಷ್ಟು ದೊಡ್ಡ ಗುತ್ತಿನ ಮನೆತನದ ಸೊಸೆ ಕಂಡಕಂಡವರ ಕಾಲು ಹಿಡಿಯುವುದಾ?" ಎಂದರು. ನಾನು ಸ್ನಾನ ಮಾಡಿ ಬಂದು ಕಲಸಿದ ಹಿಟ್ಟನ್ನೂ ಅವರು ಮುಟ್ಟಲಿಲ್ಲ. ನಾನು ಬಡಿಸಲು ಬಂದರೆ ಬಟ್ಟಲು ಸರಿಸಿಕೊಂಡು ನೀವೇ ಬಡಿಸಿಕೊಂಡಿರಿ. ಒಮ್ಮೆ ನನ್ನ ಅಂಗೈಯನ್ನು ಮೂಸಿ ನೋಡಿ ಆಮೇಲೆ ಹಿಡಿದಿರಿ. ತಮಾಷೆ ಎಂದಿರಿ. ನನಗೆ ನಗು ಬರಲಿಲ್ಲ.

ಕಳೆದ ವರ್ಷ ನಮ್ಮ ಮಗು ಹೊಟ್ಟೆಯಲ್ಲಿ ನಿಲ್ಲದೆ ಹೋಯಿತು. ಯಾರಿಗೂ ಹೇಳುವುದು ಬೇಡ ಎಂದಿರಿ, ನಾನೂ ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಮಾಮಿ ಬಾಗಿಲಲ್ಲೇ ನಿಂತು, "ಊರವರ ಕಾಲಿನ ದೋಷ ಎಲ್ಲ ಕೈಯಲ್ಲಿ ಹೊತ್ತು ತಂದರೆ ಹೊಟ್ಟೆಯಲ್ಲಿ ಎಂತ ಉಳಿಯುತ್ತದೆ?" ಎಂದರು. ಡಾಕ್ಟರು ಹೇಳಿದ ಕಾರಣವೇ ಬೇರೆ, ನೀವೂ ಪಕ್ಕದಲ್ಲಿ ಕೂತು ಕೇಳಿದ್ದಿರಿ. ಆದರೂ ಚಪ್ಪಲಿ ಬಿಚ್ಚಿ ಒಳಗೆ ಹೋದಿರಿ.

ನಾನು ಕಲಿಕೆ ಬಿಡಲಿಲ್ಲ. ಪರೀಕ್ಷೆ ಬರೆದೆ, ಹೊರಗಿನಿಂದ ಬಂದ ಪರೀಕ್ಷಕರ ಪಾದವನ್ನೇ ಒತ್ತಿ ತೋರಿಸಿದೆ. ರಿಫ್ಲೆಕ್ಸಾಲಜಿ ಚಿಕಿತ್ಸಕರ ಸಂಘದವರು ಮಾನ್ಯತೆ ಪಡೆದ ಚಿಕಿತ್ಸಕಿ ಎಂದು ಹೆಸರು ಕೂಗಿ ಶಾಲು ಹೊದೆಸಿದರು. ಪೇಪರಿನಲ್ಲಿ ಸಣ್ಣ ಫೋಟೋ ಬಂತು. ಅಷ್ಟೇ ಸಾಕಾಯಿತು. ಮಾಮಿ ಆ ಪೇಪರನ್ನು ನೆಂಟರ ಮನೆಗಳಿಗೆ ಹೊತ್ತುಕೊಂಡು ಹೋದರು. ನೀವು, "ಗಲ್ಫಿನಿಂದ ರಜೆಗೆ ಬರುವವರು ಇದಕ್ಕೆಲ್ಲ ಕೇಳಿದಷ್ಟು ಕೊಡ್ತಾರೆ" ಎಂದು ಹೋಟೆಲಿನ ಮಹಡಿಗೆ ಪೇಂಟ್ ಹೊಡೆಸಿದಿರಿ. ನಾನು ಮೂರ್ಖಳು, ಖುಷಿಪಟ್ಟೆ. ಕೊನೆಗೂ ನನ್ನ ಕೆಲಸ ನಿಮಗೆ ಅರ್ಥವಾಯಿತು ಎಂದುಕೊಂಡೆ.

ಸೆಂಟರಿನ ಜಾಹೀರಾತಿಗೆಂದು ಅಚ್ಚು ಹಾಕಿಸಿದ ಕರಪತ್ರವನ್ನು ನೀವು ನನಗೆ ತೋರಿಸಲಿಲ್ಲ. ತೋರಿಸಿದ್ದು ದೀಕ್ಷಿತಾ ಎಂಬ ಹುಡುಗಿ. ಗಂಡನಿಗೆ ಹೇಳದೆ ಬಸ್ಸು ಹತ್ತಿ ಬಂದಿದ್ದಳು. ಇನ್ನೂ ಪೇಂಟ್ ಒಣಗದ ಆ ಕೋಣೆಯಲ್ಲಿ ನನ್ನ ಎರಡೂ ಕೈ ಹಿಡಿದು, "ಅಕ್ಕ, ನಿಮಗೆ ಎಷ್ಟು ಸಲ ಒತ್ತಿಸಿಕೊಂಡ ಮೇಲೆ ಮಗು ಆಯಿತು?" ಎಂದಳು. ನನಗೆ ಅರ್ಥವಾಗಲಿಲ್ಲ. ಬ್ಯಾಗಿನಿಂದ ಕಾಗದ ತೆಗೆದು ಬಿಡಿಸಿದಳು. ಅದರಲ್ಲಿ ನಾನು, ನನ್ನ ತೋಳಿನಲ್ಲಿ ನಿಮ್ಮ ಅಕ್ಕನ ಮಗು ಅನುಷ್ಕಾ. ಅವಳ ನಾಮಕರಣದ ದಿನ ತೆಗೆದ ಫೋಟೋ. ಕೆಳಗೆ, 'ಮಕ್ಕಳಿಲ್ಲದ ನೋವನ್ನು ಪಾದಚಿಕಿತ್ಸೆಯಿಂದಲೇ ಗೆದ್ದ ಸಂಚಿತಾ, ಈಗ ನಿಮಗಾಗಿ.'

ಯಾವ ಕೆಲಸ ನನ್ನ ಮಗುವನ್ನು ಕೊಂದಿತು ಎಂದು ಮನೆಯೊಳಗೆ ಹೇಳಿದಿರೋ ಅದೇ ಕೆಲಸ ಮಗು ಕೊಟ್ಟಿತು ಎಂದು ಬೀದಿಯಲ್ಲಿ ಹಂಚಿದಿರಿ.

ದೀಕ್ಷಿತಾಳಿಗೆ ನಿಜ ಹೇಳಿದೆ. ಅವಳು ಅಳಲಿಲ್ಲ. ನನ್ನ ಕೈ ಬಿಟ್ಟು, ತನ್ನ ಅಂಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ನಿಮ್ಮ ಮನೆಯವರು ನನ್ನ ಕೈಗೆ ಹೇಸಿದಾಗ ಅದರಲ್ಲಿ ಕೊಳೆ ಇರಲಿಲ್ಲ. ಅವತ್ತು ಇತ್ತು.

ಸಂಜೆ ನಿಮ್ಮನ್ನು ಕೇಳಿದೆ. ನೀವು ಊಟ ಮುಗಿಸಿ ಹಲ್ಲು ಕೆದಕುತ್ತಾ ಕೂತಿದ್ದಿರಿ. "ಎಂತ ಮಾರಾಯ್ತಿ, ಜಾಹೀರಾತು ಅಂದರೆ ಹಾಗೆಯೇ. ಅವರಿಗೂ ಒಂದು ಆಸೆ ಬೇಡವಾ? ಹೇಗೂ ಮುಂದೆ ನಮಗೂ ಒಂದು ಆಗ್ತದೆ, ಆಗ ಅದು ಸುಳ್ಳು ಅಲ್ಲ." ಕಡ್ಡಿಯ ತುದಿಯಲ್ಲಿ ಸಿಕ್ಕಿದ್ದನ್ನು ಒಮ್ಮೆ ನೋಡಿ ಮತ್ತೆ ಬಾಯಿಗಿಟ್ಟಿರಿ. ನಾನು ಬ್ಯಾಗು ತುಂಬಿದೆ. ಈಗಲೂ ನಿಮ್ಮನ್ನು ನೆನೆದರೆ ಕಣ್ಣಿಗೆ ಬರುವುದು ಆ ಬಾಯಿ. ಬೇರೆ ಮುಖ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದ್ದೇನೆ, ಬರುವುದಿಲ್ಲ.

ಉದ್ಘಾಟನೆಗೆ ನಾನು ಬರುವುದಿಲ್ಲ. ನನ್ನ ಹೆಸರು, ಫೋಟೋ ಎಲ್ಲೂ ಇರಕೂಡದು. ಕರಪತ್ರದ ಪ್ರತಿಯನ್ನು ಸಂಘಕ್ಕೆ ಕಳಿಸಿ, ಇದು ಸುಳ್ಳು, ನನಗೆ ಮಗು ಉಳಿಯಲಿಲ್ಲ ಎಂದು ನಾನೇ ಬರೆದಿದ್ದೇನೆ. ನೀವು ಮುಚ್ಚಿಟ್ಟದ್ದು ಇನ್ನು ಮುಚ್ಚಿಲ್ಲ. ಅವರು ನನ್ನ ಮಾನ್ಯತೆ ಹಿಂದಕ್ಕೆ ತೆಗೆದುಕೊಂಡರೂ ಸರಿ. ನೊರ್ಬರ್ಟ್ ಸರ್ ಬೆಳಗ್ಗಿನ ಹೊತ್ತು ತಮ್ಮ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಿಮ್ಮಲ್ಲಿಗೆ ಬರುವ ಬಸ್ಸು ಹತ್ತುವುದಿಲ್ಲ.

ಸಂಚಿತಾ

ಇನ್ನೊಂದು ಮಾತು. ನಿನ್ನೆ ಮಾಮಿ ದೇವಸ್ಥಾನಕ್ಕೆಂದು ಹೇಳಿ ಹೊರಟದ್ದು ಸರ್ ಅವರ ಕೋಣೆಗೆ. ಕಾಲು ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದರು. "ಅಶ್ವಿತನಿಗೆ ಹೇಳಬೇಡ" ಎಂದು ಪಾದ ಮುಂದಿಟ್ಟರು. ಶುಚಿಯಾದ ಪಾದ, ಆದರೂ ನನಗೆ ಹೇಸಿಗೆಯಾಯಿತು. ಅದು ಅವರಿಗೆ ಗೊತ್ತಾಗಲು ಬಿಡಲಿಲ್ಲ. ಬೆರಳಿಟ್ಟು ನೋಡಿದರೆ ಚರ್ಮದಲ್ಲಿ ಗುಳಿ ಬಿದ್ದು ಹಾಗೆಯೇ ನಿಂತಿತು. ನಾನು ಒತ್ತಲಿಲ್ಲ. ಇದು ನನ್ನ ಕೈಯಲ್ಲಿ ಹೋಗುವುದಲ್ಲ, ಆಸ್ಪತ್ರೆಗೆ ಹೋಗಬೇಕು ಎಂದೆ. ಕೇಳದೆ ಆಟೋ ಹತ್ತಿದರು. ಹೃದಯದ್ದಿರಬಹುದು. ಈ ಕಾಗದ ಸಿಕ್ಕಿದ ದಿನವೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಉದ್ಘಾಟನೆ ಆಮೇಲೆ.