ಮಗುಚಿ ಮಲಗಿದ ಚಿಪ್

ಅಣ್ಣಾ,

ನಾನು ಕೆಲಸಕ್ಕೆ ಹೊರಟೆ. ಅಮ್ಮನಿಗಾಗಿ ಮಾಡುತ್ತಿದ್ದ ಸರ್ಕ್ಯೂಟ್ ಬೋರ್ಡ್ ಮುಗಿಯಿತು, ಅವಳ ಕುರ್ಚಿಯ ಪಕ್ಕದ ದೀಪಕ್ಕೆ ಜೋಡಿಸಿದ್ದೇನೆ. ಬಾಗಿಲ ಬೆಲ್ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ. ಥಟ್ಟನೆ ಅಲ್ಲ, ನಿದ್ದೆ ತಿಳಿದು ಕಣ್ಣು ಬಿಟ್ಟ ಹಾಗೆ, ಮೆಲ್ಲಗೆ. ಬೆಳಿಗ್ಗೆ ಅದನ್ನೇ ಮತ್ತೆ ಮತ್ತೆ ನೋಡುತ್ತ ಕುಳಿತು ನನ್ನ ಕಾಫಿ ಆರಿಹೋಯಿತು. ಅಮ್ಮನ ಕಿವಿಯ ಹತ್ತಿರ ಕೂಗಿ ವಿವರಿಸಿದೆ. "ಅದು ಬೆಳಗೋ ಹೊತ್ತಿಗೆ ಬಂದವರು ಊರು ಸೇರಿರ್ತಾರೆ ಕಣೇ" ಎಂದಳು. ಪೂರ್ತಿ ಬೆಳಗಲು ಹಿಡಿಯುವುದು ಹತ್ತೇ ಸೆಕೆಂಡು.

ತಾಮ್ರದ ಹಲಗೆಯ ಮೇಲೆ ನಕ್ಷೆ ಅಚ್ಚೊತ್ತುವಾಗ ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದನ್ನು ಮರೆತೆ. ಎಡದ್ದೆಲ್ಲ ಬಲಕ್ಕೆ ಬಂತು. ಅದಕ್ಕೇ ಚಿಪ್ ಅನ್ನು ಬೆನ್ನ ಮೇಲೆ ಮಲಗಿಸಿ, ಅದರ ತಂತಿಗಾಲು ಬಗ್ಗಿಸಿ ಬೆಸುಗೆ ಹಾಕಿದ್ದೇನೆ. "ಇದೇನೇ, ಸತ್ತ ಜಿರಳೆ ಥರ!" ಅಂತೀಯ, ಗೊತ್ತು. ಅನ್ನು, ಆದರೆ ನೆಟ್ಟಗೆ ಮಾಡಲು ಹೋಗಬೇಡ. ಸೊಟ್ಟಗಿದ್ದದ್ದು ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ.

ಬಚ್ಚಲಲ್ಲಿ ಡಬ್ಬದಲ್ಲಿರುವ ಕಂದು ನೀರು ತಾಮ್ರ ಕರಗಿಸುವಂಥದ್ದು, ಚೆಲ್ಲಬೇಡ.

ಬ್ಯಾಟರಿ ಉಳಿಯಲಿ ಎಂದು ಕೆಂಪು ತಂತಿ ಬಿಚ್ಚಿಟ್ಟಿದ್ದೇನೆ. ಮೂರೂವರೆಗೆ ಸಿಕ್ಕಿಸು, ಮರೆಯಬೇಡ. ನಾಲ್ಕಕ್ಕೆ ಅಮ್ಮನ ಗೆಳತಿ ಬರುತ್ತಾರೆ. ಹೋದ ವಾರವೂ ಬಂದಿದ್ದರಂತೆ. ಬೆಲ್ ಒತ್ತಿ ಒತ್ತಿ ಸಾಕಾಗಿ ಹಿಂದಿರುಗಿದರು ಎಂದು ಎದುರುಮನೆಯವರು ಹೇಳಿದರು. ಅಮ್ಮ ತಲೆ ಬಾಚಿಕೊಂಡು ಸಂಜೆವರೆಗೂ ಕಾದಿದ್ದಳು. "ಅವಳಿಗೆ ನಾನು ಮರೆತೇ ಹೋಗಿದೀನಿ, ಬಿಡೇ" ಎಂದಳು. ನಿಜ ಹೇಳದೆ, ಅವತ್ತೇ ರಾತ್ರಿ ಈ ಬೋರ್ಡಿನ ನಕ್ಷೆ ಬರೆಯಲು ಕುಳಿತೆ.

ಇವತ್ತು ಬೆಲ್ ಆದಾಗ ನೀನು ಎದ್ದು ಓಡಬೇಡ. ದೀಪ ಪೂರ್ತಿ ಅರಳಲಿ. ಬಾಗಿಲನ್ನು ಅಮ್ಮನೇ ತೆಗೆಯಲಿ.